ಮೂರನೆಯ ಸಲ ಕೇಳುವವರೆಗೆ

ಫೋನು ಬಂದಾಗ ಗುಣವತಿಯ ಬಲಗೈ ಉದ್ದಿನ ಹಿಟ್ಟಿನೊಳಗಿತ್ತು. ಎಡಗೈಯಿಂದ ರಿಸೀವರ್ ಎತ್ತಿ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಆ ಕಡೆಯ ಹೆಂಗಸು ತನ್ನ ಹೆಸರು ಬ್ರೆಂಡಾ ಎಂದಳು. ಮೆಲ್ಬರ್ನಿನ ಯೂನಿವರ್ಸಿಟಿಯಿಂದ ಮಾತಾಡುತ್ತಿದ್ದೇನೆ, ನವ್ಯಾ ಎಂಬ ಹುಡುಗಿ ಆಸ್ಟ್ರೇಲಿಯಾದಲ್ಲಿರುವ ಬಂಧು ಎಂದು ನಿಮ್ಮ ಹೆಸರು ಬರೆದಿದ್ದಾಳೆ, ಎರಡು ನಿಮಿಷ ಬಿಡುವಿದೆಯೇ ಎಂದು ಕೇಳಿದಳು.

ನವ್ಯಾ ಗುಣವತಿಯ ತಂಗಿ ಜಯಲಕ್ಷ್ಮಿಯ ಮಗಳು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆಯನ್ನು ಮೈಸೂರಿನಲ್ಲಿ ಓದಿ ಮುಗಿಸಿ, ಅದರಲ್ಲೇ ಇನ್ನೂ ಮುಂದೆ ಓದುವ ಆಸೆಯಿಂದ ಮೆಲ್ಬರ್ನಿಗೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿದೆ ಎಂದು ಉಡುಪಿಯಿಂದ ಸುದ್ದಿ ಬಂದು ಒಂದು ವಾರವಾಗಿತ್ತಷ್ಟೆ.

"ನವ್ಯಾ ಒಂದು ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಾಳೆ," ಎಂದಳು ಬ್ರೆಂಡಾ. "ಹೊರದೇಶದ ಮಕ್ಕಳಿಗೆ ಫೀ ಎಷ್ಟು ಭಾರ ಅಂತ ನಮಗೆ ಗೊತ್ತು. ಈ ವರ್ಷ ನಮ್ಮ ವಿಭಾಗದಲ್ಲಿ ಒಬ್ಬರ ಫೀ ಬಿಟ್ಟುಕೊಡಲು ಅವಕಾಶ ಇದೆ. ನಿಮ್ಮ ಕುಟುಂಬಕ್ಕೆ ಆ ಸಹಾಯ ಬೇಕಾಗುತ್ತದೆಯೇ?"

ಗುಣವತಿಯ ಎದೆ ಹಿಗ್ಗಿತು. ದೇವರೇ ಫೋನು ಮಾಡಿದ ಹಾಗಾಯಿತು. "ನೋ ನೋ, ಪ್ಲೀಸ್," ಎಂದಳು ಅವಳು. "ನಿಮಗ್ಯಾಕೆ ತೊಂದರೆ? ನಾವು ಹೇಗಾದರೂ ನೋಡಿಕೊಳ್ಳುತ್ತೇವೆ. ಇಲ್ಲಿ ಮನೆ ಇದೆ, ನನ್ನವರ ಕೆಲಸ ಇದೆ. ಏನೂ ಕೊರತೆಯಿಲ್ಲ."

ಹಾಗೆಂದು, ಬ್ರೆಂಡಾ ಇನ್ನೊಮ್ಮೆ ಕೇಳಲಿ ಎಂದು ಕಾದಳು.

ಆ ಕಡೆ ಪೆನ್ನು ಸರಿದ ಸದ್ದಾಯಿತು. "ಲವ್ಲಿ," ಎಂದಳು ಬ್ರೆಂಡಾ ಸಂತೋಷದಿಂದ. "ಹಾಗಾದರೆ ಅದನ್ನೇ ಬರೆದುಕೊಳ್ಳುತ್ತೇನೆ. ಗುಡ್ ಡೇ."

ರಿಸೀವರ್ ಕುಂಯ್‌ಗುಟ್ಟತೊಡಗಿದ ಮೇಲೂ ಗುಣವತಿ ಅದನ್ನು ಹಿಡಿದುಕೊಂಡೇ ನಿಂತಿದ್ದಳು. ಹಿಟ್ಟು ಬೆರಳ ತುದಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅವಳು ಬೆಳೆದ ಮನೆಯಲ್ಲಿ ಮೊದಲ ಸಲ ಕೇಳಿದಾಗ ಬೇಕು ಎನ್ನುವವರನ್ನು ಯಾರೂ ಕಂಡಿರಲಿಲ್ಲ. ಬಂದವರು ಊಟ ಆಗಿದೆ ಎನ್ನಬೇಕು, ಹೊಟ್ಟೆ ಬೆನ್ನಿಗೆ ಹತ್ತಿದ್ದರೂ. ಎರಡನೆಯ ಸಲ ಕೇಳಿದಾಗ ಸುಮ್ಮನೆ ಒಂದು ಲೋಟ ನೀರು ಸಾಕು ಎನ್ನಬೇಕು. ಮೂರನೆಯ ಸಲ ಮನೆಯವರು ಎಲೆ ಹಾಕಿಯೇ ಬಿಟ್ಟಮೇಲೆ, ನಿಮ್ಮ ಒತ್ತಾಯಕ್ಕೆ ಎಂದು ಗೊಣಗುತ್ತ ಕೂತು ಹೊಟ್ಟೆ ತುಂಬ ಉಣ್ಣಬೇಕು. ಪಾಯಸ ಬಂದಾಗ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿಯುವುದು, ಬಡಿಸುವವರು ಬೆರಳುಗಳ ಸಂದಿಯಿಂದಲೇ ಸುರಿಯುವುದು, ಇದರಲ್ಲಿ ಯಾರಿಗೂ ಯಾವ ಗೊಂದಲವೂ ಇರಲಿಲ್ಲ. ಸಿಡ್ನಿಗೆ ಬಂದು ಹನ್ನೆರಡು ವರ್ಷವಾಗಿದ್ದರೂ ಕ್ವೇಕರ್ಸ್ ಹಿಲ್‌ನಲ್ಲಿ ಅವಳು ಹೋಗಿ ಬರುವ ಮನೆಗಳೆಲ್ಲ ನಮ್ಮವರವೇ. ಅಲ್ಲಿ ಎಲ್ಲರೂ ಮೂರು ಸಲ ಕೇಳುವವರೇ.

ಸಂಜೆ ಗಂಡ ಅಣ್ಣು ಕೈಕಾಲು ತೊಳೆದು ಊಟಕ್ಕೆ ಕೂತ ಮೇಲೆ ಸಂಗತಿ ಹೇಳಿದಳು.

"ಎಂತ, ಬೇಡ ಅಂದ್ಯಾ?" ಅಣ್ಣುವಿನ ಕೈಯ ತುತ್ತು ಅರ್ಧದಲ್ಲೇ ನಿಂತಿತು.

"ಒಂದೇ ಸಲ ಅಂದದ್ದು. ಅವಳು ಮತ್ತೆ ಕೇಳಲೇ ಇಲ್ಲ, ನಾನೆಂತ ಮಾಡುವುದು?"

ಎದುರಿಗೆ ಕೂತಿದ್ದ ಮಗ ಪ್ರತೀಕ್ ಕನ್ನಡವನ್ನೆಲ್ಲ ಕೇಳಿಸಿಕೊಂಡು ಎಂದಿನಂತೆ ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟ: "ಮಮ್, ಶಿ ಆಸ್ಕ್ಡ್, ಯು ಸೆಡ್ ನೋ."

"ನೀನು ಸುಮ್ಮನೆ ಉಣ್ಣು," ಎಂದಳು ಗುಣವತಿ. ಆಮೇಲೆ ಗಂಡನ ಕಡೆ ತಿರುಗಿ, "ಉಮಾಶಂಕರ್ ಕೂಡ ಹೇಳಿರಲಿಲ್ವಾ, ದುಡ್ಡು ಬೇಕು ಅಂತ ಹೇಳಬಾರದು ಅಂತ?" ಎಂದಳು.

ಉಮಾಶಂಕರ್ ಚಾಟ್ಸ್‌ವುಡ್‌ನ ದೊಡ್ಡ ಆಫೀಸಿನಲ್ಲಿ ಕೆಲಸದಲ್ಲಿದ್ದವರು. ಕನ್ನಡ ಸಂಘದ ಯಾವ ಕೂಟವಿರಲಿ, ಅಲ್ಲಿ ಸಲಹೆ ಕೊಡುವುದು ಅವರೇ. "ನೋಡಿ ಮೇಡಂ, ಓವರ್‌ಸೀಸ್ ಸ್ಟೂಡೆಂಟ್ ಅಂದ್ರೆ ಇವರಿಗೆ ಫೀ ಮುಖ್ಯ. ಹೆಲ್ಪ್ ಬೇಕು ಅಂತ ಬರೆದ್ರೋ, ಅಪ್ಲಿಕೇಶನ್ ಸೀದಾ ಡಸ್ಟ್‌ಬಿನ್‌ಗೆ. ಮೊದ್ಲು ಒಳಗೆ ಹೋಗ್ಲಿ, ಆಮೇಲೆ ನೋಡ್ಕೊಳ್ಳೋಣ," ಎಂದಿದ್ದರು. ಗುಣವತಿ ಆ ಮಾತನ್ನು ಹಾಗೆಯೇ ಉಡುಪಿಗೆ ದಾಟಿಸಿದ್ದಳು. ನವ್ಯಾ ಆ ಪ್ರಶ್ನೆಯನ್ನು ಖಾಲಿ ಬಿಟ್ಟದ್ದು ಅದಕ್ಕೇ. ಆದರೆ ಫೋನಿನಲ್ಲಿ ಬೇಡ ಎಂದಾಗ ಉಮಾಶಂಕರ್ ತನ್ನ ನೆನಪಿನಲ್ಲೇ ಇರಲಿಲ್ಲವೆಂಬುದು ಗುಣವತಿಗೆ ಚೆನ್ನಾಗಿ ಗೊತ್ತಿತ್ತು. ನಾಲಗೆ ತನ್ನಷ್ಟಕ್ಕೆ ಹೇಳಿತ್ತು.

ಭಾನುವಾರ ನವ್ಯಾಳ ಫೋನು ಬಂತು. ಎಸ್‌ಟಿಡಿ ಬೂತಿನ ಹೊರಗೆ ಬಸ್ಸಿನ ಹಾರ್ನು. "ದೊಡ್ಡಮ್ಮ, ಡಿಸೆಂಬರ್ ಮಧ್ಯದೊಳಗೆ ಮೊದಲ ಕಂತು ಕಟ್ಟದಿದ್ದರೆ ಸೀಟು ಮುಂದಿನವರಿಗೆ ಹೋಗ್ತದಂತೆ. ಫೀ ಬಿಟ್ಟುಕೊಡುವುದಕ್ಕೆ ಯಾರನ್ನೋ ಆರಿಸ್ತಾರಂತೆ, ನಿಮಗೇನಾದರೂ ಫೋನು ಬಂತಾ?"

"ಬಂದಿತ್ತು," ಎಂದಳು ಗುಣವತಿ. "ನಾನು ಮಾತಾಡ್ತೇನೆ, ನೀನು ಹೆದರಬೇಡ."

"ಅಮ್ಮ ಹೇಳ್ತಾರೆ, ಅಕ್ಕ ಇರುವಾಗ ನನಗೇನು ಚಿಂತೆ ಅಂತ."

ಆ ಮಾತು ಗುಣವತಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಯಾಕೆಂದರೆ ಜಯಲಕ್ಷ್ಮಿಗೆ ಗೊತ್ತಿದ್ದ ಅಕ್ಕನೇ ಬೇರೆ. ಆ ಅಕ್ಕನ ಗಂಡ ಪ್ಯಾರಮಟ್ಟಾದ ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನಿಜದಲ್ಲಿ ಅಣ್ಣುವಿನ ಆ ಕೆಲಸ ಹೋಗಿ ಎರಡು ವರ್ಷವಾಗಿತ್ತು. ದೇಶದಲ್ಲೆಲ್ಲ ಕಟ್ಟಡದ ಕೆಲಸಗಳು ನಿಂತುಹೋದ ಕಾಲ ಅದು. ಈಗ ಅವನು ಕನ್ನಡಕದ ಗಾಜು, ಫ್ರೇಮುಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ವಾರಕ್ಕೊಮ್ಮೆ ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗಿ ಬರುತ್ತಿದ್ದ. ಸಂಬಳ ಮನೆಸಾಲದ ಕಂತಿಗೂ ಅಡುಗೆಮನೆಗೂ ಸರಿಹೋಗುತ್ತಿತ್ತು. ಸಂಘದಲ್ಲಿ ಯಾರಾದರೂ ವಿಚಾರಿಸಿದರೆ ಗುಣವತಿ "ಟ್ರಾನ್ಸ್‌ಪೋರ್ಟ್ ಲೈನಿಗೆ ಹೋಗಿದ್ದಾರೆ" ಎನ್ನುತ್ತಿದ್ದಳು. ಹತ್ತು ಲಾರಿಗಳಿರುವ ಹಾಗೆ ಕೇಳಿಸುತ್ತಿತ್ತು ಅದು.

ಸೋಮವಾರ ಧೈರ್ಯ ಮಾಡಿ ಬ್ರೆಂಡಾಳಿಗೆ ಫೋನು ಮಾಡಿದಳು. ಅಣ್ಣು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ.

"ಅದೇ, ಆ ಸಹಾಯದ ವಿಷಯ," ಎಂದಳು ಗುಣವತಿ. "ನಿಮಗೆ ಏನೂ ಕಷ್ಟ ಇಲ್ಲದಿದ್ದರೆ... ಕಷ್ಟ ಇದ್ದರೆ ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ..."

"ಏನೂ ತೊಂದರೆಯಿಲ್ಲ ಡಿಯರ್," ಎಂದಳು ಬ್ರೆಂಡಾ. "ಎಲ್ಲ ಬರೆದಾಗಿದೆ. ನೀವು ನಿಶ್ಚಿಂತೆಯಿಂದಿರಿ."

"ಥ್ಯಾಂಕ್ಯೂ," ಎಂದು ಗುಣವತಿ ಫೋನು ಇಟ್ಟಳು.

ಅಣ್ಣು ಹಣೆ ಒತ್ತಿಕೊಂಡ. "ಇದೆಂತ ಮಾರಾಯ್ತಿ? ಬೇಡ ಅನ್ನುವುದನ್ನು ಎರಡನೇ ಸಲ ಫೋನಿಗೆ ದುಡ್ಡು ಕೊಟ್ಟು ಹೇಳಿದ ಹಾಗಾಯ್ತು." ಅವನೇ ಮತ್ತೆ ನಂಬರು ಒತ್ತಿದ. ಬ್ರೆಂಡಾ ಅವನ ಮಾತನ್ನು ತಾಳ್ಮೆಯಿಂದ ಕೇಳಿದಳು. ಆದರೆ ಹುಡುಗಿ ಬರೆದಿರುವುದು ನಿಮ್ಮ ಹೆಂಡತಿಯ ಹೆಸರು, ಬೇಡ ಎಂದು ಹೇಳಿರುವುದೂ ಅವರೇ, ಬದಲಾಯಿಸುವುದಿದ್ದರೆ ಅವರೇ ಹೇಳಬೇಕು ಎಂದಳು. ಗುರುವಾರ ಮಧ್ಯಾಹ್ನ ಸಮಿತಿ ಕೂಡುತ್ತದೆ, ಅದಕ್ಕೂ ಮೊದಲು ಯಾವಾಗ ಬೇಕಾದರೂ ಆದೀತು.

"ನಾನು ಬುಧವಾರ ಹೇಗೂ ಮೆಲ್ಬರ್ನಿಗೆ ಹೋಗ್ತೇನೆ," ಎಂದ ಅಣ್ಣು ಫೋನು ಇಟ್ಟು. "ನೀನೂ ಬಾ. ಮುಖ ನೋಡಿ ಹೇಳು. ಫೋನಿನಲ್ಲಿ ನಿನ್ನನ್ನು ನಂಬಲಿಕ್ಕೆ ಆಗುವುದಿಲ್ಲ."

"ವ್ಯಾನಿನಲ್ಲಾ?"

"ಮತ್ತೆ? ವಿಮಾನ ಕಳಿಸಲಿಕ್ಕೆ ಹೇಳಲಾ ಅವರಿಗೆ?"

ಬುಧವಾರ ಬೆಳಕು ಹರಿಯುವಾಗ ಗುಣವತಿ ಮೊದಲ ಸಲ ಆ ವ್ಯಾನು ಹತ್ತಿದಳು. ಪಕ್ಕದ ಮನೆಯವರು ಎದ್ದಿರಲಿಕ್ಕಿಲ್ಲ ಎಂದು ಅತ್ತ ಇತ್ತ ನೋಡಿಯೇ ಹತ್ತಿದಳು. ಸೀಟು ಎತ್ತರದಲ್ಲಿತ್ತು. ಗೌಲ್ಬರ್ನ್ ದಾಟುವಷ್ಟರಲ್ಲಿ, ಎದುರಿನಿಂದ ಬರುವ ಕಾರುಗಳ ಒಳಗೆಲ್ಲ ಇಣುಕಿ ನೋಡಬಹುದೆಂದು ತಿಳಿದು ಅವಳಿಗೆ ಖುಷಿಯಾಗತೊಡಗಿತು. ಹಿಂದೆ ಗಾಜಿನ ಪೆಟ್ಟಿಗೆಗಳು ಒಂದಿಷ್ಟೂ ಅಲುಗಾಡದೆ ಕೂತಿದ್ದವು. ಅಣ್ಣು ರಸ್ತೆಯ ಒಂದೊಂದು ತಿರುವನ್ನೂ ಪರಿಚಯದವರ ಮನೆಯಂತೆ ತೋರಿಸುತ್ತ ಹೋದ. ಈ ಬೇಕರಿಯಲ್ಲಿ ತರಕಾರಿ ಪಫ್ ಒಳ್ಳೆಯದು, ಆ ಗುಡ್ಡದಲ್ಲಿ ಮಂಜು ಜಾಸ್ತಿ. ನಡುನಡುವೆ ಹಾಡು ಗುನುಗಿದ. ಆಫೀಸಿಗೆ ಹೋಗುತ್ತಿದ್ದ ದಿನಗಳಲ್ಲಿ ಅವನು ಹಾಡಿದ್ದು ಅವಳಿಗೆ ನೆನಪಿರಲಿಲ್ಲ. ಎರಡು ವರ್ಷ ನಾನು ಇವನ ಪರವಾಗಿ ನಾಚಿಕೆ ಪಟ್ಟುಕೊಂಡಿದ್ದೆ, ಇವನಿಗಾದರೋ ಆ ನಾಚಿಕೆಯ ಸುದ್ದಿಯೇ ತಲುಪಿರಲಿಲ್ಲವಲ್ಲ ಎಂದುಕೊಂಡಳು.

"ಮದುವೆಗೆ ಒಪ್ಪಿಗೆಯಾ ಅಂತ ನಿನ್ನಪ್ಪ ಕೇಳಿದಾಗ ಎಷ್ಟು ಸಲ ಬೇಡ ಅಂದಿದ್ದೆ?" ಎಂದು ಕೇಳಿದ ಅಣ್ಣು.

"ಎರಡು ಸಲ."

"ನಿನ್ನಪ್ಪನ ಜಾಗದಲ್ಲಿ ಬ್ರೆಂಡಾ ಇದ್ದಿದ್ದರೆ ನಾನು ಇವತ್ತಿಗೂ ಬ್ರಹ್ಮಚಾರಿ."

ಗುಣವತಿ ನಗುತ್ತ ಕಿಟಕಿಯ ಕಡೆ ತಿರುಗಿದಳು. ನಗು ಮುಗಿದ ಮೇಲೂ ಆ ಮಾತು ಉಳಿಯಿತು. ಬೇಡ ಎಂದು ಹೇಳಿ ಹೇಳಿ, ತನಗೆ ಏನು ಬೇಕೆಂದು ಊಹಿಸುವ ಕೆಲಸವನ್ನು ಜೀವನವಿಡೀ ಬೇರೆಯವರ ತಲೆಗೆ ಕಟ್ಟಿದ್ದಳು ಅವಳು. ಊಹಿಸಿದವರು ಒಳ್ಳೆಯವರಾಗಿದ್ದರು, ಅದು ತನ್ನ ಪುಣ್ಯ. ಊಹಿಸದವರ ಮೇಲೆ ಒಳಗೊಳಗೇ ಮುನಿಸಿಕೊಂಡಿದ್ದೂ ಉಂಟು. ಅವರಿಗೆ ಅದು ಗೊತ್ತೂ ಇರಲಿಲ್ಲ.

ಆ ರಾತ್ರಿಯ ತಂಗುವಿಕೆ ಗಿರಿಜಾಳ ಮನೆಯಲ್ಲಿ. ಗಿರಿಜಾ ಮೈಸೂರಿನವಳು. ಎರಡೂ ಸಂಸಾರಗಳು ಈ ದೇಶಕ್ಕೆ ಹೊಸದಾಗಿ ಬಂದಾಗ ಪ್ಯಾರಮಟ್ಟಾದ ಒಂದೇ ಕಟ್ಟಡದಲ್ಲಿ ಬಾಡಿಗೆಗಿದ್ದವು. ಗಿರಿಜಾಳ ಗಂಡ ಮೂರ್ತಿಗೆ ಮೆಲ್ಬರ್ನಿಗೆ ವರ್ಗವಾಗಿ, ಅವಳು ಅಲ್ಲಿ ಲೈಬ್ರರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಈಗ ಮೂರ್ತಿ ಕೆಲಸದ ಮೇಲೆ ಪರ್ತ್‌ಗೆ ಹೋಗಿದ್ದ. ಸಂಜೆಗೆ ಬಿಸಿಬಿಸಿ ಚಪಾತಿ, ಬದನೆಕಾಯಿ ಪಲ್ಯ. ಗುಣವತಿ ತಟ್ಟೆಯಲ್ಲಿದ್ದ ಎರಡು ಚಪಾತಿ ಮುಗಿಸಿದಳು.

"ಇನ್ನೊಂದು ಹಾಕ್ಲಾ ಗುಣಾ?" ಎಂದಳು ಗಿರಿಜಾ.

"ಬೇಡಪ್ಪ, ಹೊಟ್ಟೆ ತುಂಬಿತು."

"ಸರಿ," ಎಂದ ಗಿರಿಜಾ ಅವಳ ತಟ್ಟೆ ಎತ್ತಿಕೊಂಡು ಸಿಂಕಿಗೆ ಹೋದಳು.

ಗುಣವತಿ ತಟ್ಟೆಯಿಲ್ಲದ ಮೇಜನ್ನು ನೋಡುತ್ತ ಕೂತಳು. ಅಣ್ಣು ಕೆಮ್ಮಿದಂತೆ ಮಾಡಿ ನಗುವನ್ನು ನುಂಗಿದ. ಕೊನೆಗೆ ಅವಳಿಗೇ ತಡೆಯಲಾಗಲಿಲ್ಲ. "ಅಲ್ಲ ಗಿರಿಜಾ, ನೀನು ಹೀಗಿರಲಿಲ್ಲ. ಪ್ಯಾರಮಟ್ಟಾದಲ್ಲಿ ಕೈ ಹಿಡಿದು ಬಡಿಸ್ತಿದ್ದೆ."

ಗಿರಿಜಾ ನಲ್ಲಿ ನಿಲ್ಲಿಸಿ ತಿರುಗಿದಳು. "ಹಸಿವಾಗಿದ್ಯೇನೇ ನಿಂಗೆ?"

"ಹೌದು."

"ಮತ್ತೆ ಬೇಡ ಅಂದ್ಯಲ್ಲೇ. ಅಯ್ಯೋ, ನಾನೂ ಹಾಗೇ ಇದ್ದೆ ಕಣೆ. ಲೈಬ್ರರೀಲಿ ಮೊದಲ ಆರು ತಿಂಗಳು ಯಾರ ಬರ್ತ್‌ಡೇ ಕೇಕೂ ತಿಂದಿಲ್ಲ. ಬೇಡ ಅಂತಿದ್ದೆ, ತಟ್ಟೆ ಮುಂದಕ್ಕೆ ಹೋಗಿಬಿಡೋದು. ಅಹಂಕಾರ ಇವರಿಗೆ ಅಂತ ನಾನು ಅವರನ್ನ ಬೈಕೊಳ್ತಿದ್ದೆ, ಅವರು ಪಾಪ ಇವಳಿಗೆ ಕೇಕು ಆಗಲ್ಲ ಅಂದ್ಕೊಂಡಿದ್ರು." ಅವಳು ಹೊಸ ತಟ್ಟೆಯಲ್ಲಿ ಎರಡು ಚಪಾತಿ ಹಾಕಿ ಮುಂದಿಟ್ಟಳು. "ಇವತ್ತು ಇದನ್ನ ತಿಂದು, ನನ್ನ ಮುಂದೆ ಪ್ರಾಕ್ಟೀಸ್ ಮಾಡು. ನಾನೇ ಬ್ರೆಂಡಾ. ಹೇಳಿ ಮೇಡಂ, ನಿಮಗೆ ಸಹಾಯ ಬೇಕಾ?"

"ನಾವು... ಅಂದರೆ ನಿಮಗೆ ಬೇರೆ ಯಾರೂ ಇಲ್ಲದಿದ್ದರೆ..."

"ಅಷ್ಟು ಹೊತ್ತಿಗೆ ಬ್ರೆಂಡಾ ಮನೆಗೆ ಹೋಗಿ ಮಲಗಿರ್ತಾಳೆ. ಮತ್ತೆ ಹೇಳು."

"ಬೇಕಾಗಬಹುದು."

"ಬಹುದು ಬೇಡ."

"ಬೇಕು," ಎಂದಳು ಗುಣವತಿ ಕೊನೆಗೆ. ಎರಡಕ್ಷರದ ಮಾತಿಗೆ ಕಿವಿ ಬಿಸಿಯಾಗಿತ್ತು. ಬಟ್ಟೆ ಜಾರಿದವಳಂತೆ ಸೆರಗು ಸರಿಮಾಡಿಕೊಂಡಳು.

ಮರುದಿನ ಅಣ್ಣು ಅವಳನ್ನು ಯೂನಿವರ್ಸಿಟಿಯ ಗೇಟಿನ ಬಳಿ ಇಳಿಸಿ, ಗಾಜಿನ ಪೆಟ್ಟಿಗೆಗಳನ್ನು ಕೊಡಬೇಕಾದ ಅಂಗಡಿಗಳಿಗೆ ಹೊರಟ. ಬ್ರೆಂಡಾ ಐವತ್ತು ದಾಟಿದ ಎತ್ತರದ ಹೆಂಗಸು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಳು. ಕೋಣೆಯ ಮೂಲೆಯಲ್ಲಿ ಕೆಟಲ್ ಕುದಿಯುತ್ತಿತ್ತು.

"ಸಿಡ್ನಿಯಿಂದ ಬಂದಿರಾ? ಇಷ್ಟು ದೂರ? ಕೂತುಕೊಳ್ಳಿ. ಟೀ ಕುಡಿಯುತ್ತೀರಾ?"

"ನೋ ನೋ, ಥ್ಯಾಂಕ್ಯೂ."

ಬ್ರೆಂಡಾ ಒಂದೇ ಕಪ್ಪು ತೆಗೆದು ತನಗೆ ಮಾತ್ರ ಟೀ ಬಸಿದುಕೊಂಡಳು. ಅದರ ಹಬೆ ಗುಣವತಿಯ ಮೂಗಿನವರೆಗೂ ಬಂತು. ಗಿರಿಜಾಳ ಮನೆಯಲ್ಲಿ ಕಲಿತ ಪಾಠವೆಲ್ಲ ಗೇಟಿನ ಹೊರಗೇ ಉಳಿದಿತ್ತು. ತನ್ನ ನಾಲಗೆಯ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೆ ನಗುವೂ ಬಂತು.

"ಬ್ರೆಂಡಾ, ನನಗೆ ಟೀ ಬೇಕು," ಎಂದಳು.

ಬ್ರೆಂಡಾ ಕನ್ನಡಕ ಏರಿಸಿಕೊಂಡು ಅವಳನ್ನು ನೋಡಿದಳು. "ಈಗತಾನೆ ಬೇಡ ಅಂದಿರಲ್ಲ?"

"ಅಂದೆ. ಅದನ್ನು ಹೇಳಲಿಕ್ಕೇ ನಾನು ಸಿಡ್ನಿಯಿಂದ ಬಂದದ್ದು."

ಎರಡನೆಯ ಕಪ್ಪು ಬಂತು. ಗುಣವತಿ ತನಗೆ ಬರುವ ಇಂಗ್ಲಿಷಿನಲ್ಲಿ ತನ್ನ ಊರಿನ ಊಟದ ಮನೆಯನ್ನು ಬ್ರೆಂಡಾಳ ಮೇಜಿನ ಮೇಲೆ ಹರಡಿದಳು. ಎಲೆ, ಅಡ್ಡ ಹಿಡಿದ ಕೈ, ಬೆರಳ ಸಂದಿಯ ಪಾಯಸ. ಮೊದಲನೆಯ ಬೇಡ ಎಂದರೆ ನಮಸ್ಕಾರ ಎಂದಷ್ಟೇ ಅರ್ಥ, ಎರಡನೆಯದಕ್ಕೆ ನೀವು ನಿಜವಾಗಿ ಕೇಳುತ್ತಿದ್ದೀರಾ ಎಂದು ಅರ್ಥ.

ಬ್ರೆಂಡಾ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. "ಹಾಗಾದರೆ ನಿಮ್ಮಲ್ಲಿ ನಿಜವಾಗಿಯೂ ಬೇಡವಾದವರು ಏನು ಮಾಡುತ್ತಾರೆ?"

"ಎಲೆ ಮಡಚಿ ಎದ್ದು ಹೋಗ್ತಾರೆ."

ಬ್ರೆಂಡಾ ಕಪ್ಪು ತುಳುಕುವ ಹಾಗೆ ನಕ್ಕಳು. ನಕ್ಕು ಮುಗಿಸಿ ಕಾಗದ ಎದುರಿಗೆ ಎಳೆದುಕೊಂಡಳು. "ಆದರೆ ಗುಣವತಿ, ನೀವು ಮನೆ ಇದೆ, ಗಂಡನ ಕೆಲಸ ಇದೆ, ಕೊರತೆಯಿಲ್ಲ ಅಂದಿರಿ. ನವ್ಯಾಳ ಅಪ್ಪ ಡ್ರಾಯಿಂಗ್ ಮೇಷ್ಟ್ರು ಅಂತ ಇಲ್ಲಿದೆ. ಅವರಿಗೆ ಕಷ್ಟ ಅಂತ ನಾನು ನಂಬುತ್ತೇನೆ. ಆದರೆ ಶ್ರೀಮಂತ ದೊಡ್ಡಮ್ಮ ಸಿಡ್ನಿಯಲ್ಲಿದ್ದರೆ ಸಮಿತಿಯವರು ಅವರೇ ಫೀ ಕಟ್ಟಲಿ ಅನ್ನುತ್ತಾರೆ. ಅದು ಕೂಡ ನಮಸ್ಕಾರವಾ?"

ಇದಕ್ಕೆ ಅಭ್ಯಾಸ ಮಾಡಿಸಿದವರು ಯಾರೂ ಇರಲಿಲ್ಲ. ಗುಣವತಿ ಕಪ್ಪನ್ನು ತಟ್ಟೆಯ ಮೇಲಿಟ್ಟಳು.

"ಮನೆ ಬ್ಯಾಂಕಿನದು," ಎಂದಳು. "ನನ್ನವರ ಆಫೀಸಿನ ಕೆಲಸ ಹೋಗಿ ಎರಡು ವರ್ಷವಾಯಿತು. ಈಗ ವ್ಯಾನು ಓಡಿಸುತ್ತಾರೆ. ನಾನು ನಿನ್ನೆ ಅದರಲ್ಲೇ ಬಂದೆ. ಇದು ನನ್ನ ತಂಗಿಗೂ ಗೊತ್ತಿಲ್ಲ. ನವ್ಯಾಳಿಗೆ ಊಟ ಹಾಕುತ್ತೇನೆ, ಬಟ್ಟೆ ಕೊಡಿಸುತ್ತೇನೆ. ಫೀ ಕಟ್ಟಲಿಕ್ಕೆ ನನ್ನಿಂದ ಆಗುವುದಿಲ್ಲ. ನಮಗೆ ಸಹಾಯ ಬೇಕು."

ಹೇಳಿಯಾಯಿತು. ಗೋಡೆಗಳು ಇದ್ದಲ್ಲೇ ಇದ್ದವು. ಹೊರಗೆ ಹುಲ್ಲು ಕತ್ತರಿಸುವ ಯಂತ್ರ ತನ್ನ ಪಾಡಿಗೆ ಗುರುಗುಡುತ್ತಿತ್ತು. ಬಿಗಿಯಾದ ಬಳೆಯನ್ನು ಸೋಪು ಹಚ್ಚಿ ತೆಗೆದಾಗ ಕೈ ತಣ್ಣಗಾಗುವುದಲ್ಲ, ಹಾಗೆನಿಸಿತು ಗುಣವತಿಗೆ.

"ಹೀಗೆ ಹೇಳಿದ್ದಕ್ಕೆ ಅವಳ ಸೀಟು ಹೋಗ್ತದಾ?" ಎಂದು ಕೇಳಿದಳು. ಉಮಾಶಂಕರ್ ಹೇಳಿದ ಡಸ್ಟ್‌ಬಿನ್ ಮೇಜಿನ ಕೆಳಗೆ ಕಾಣಿಸುತ್ತಲೂ ಇತ್ತು.

"ಸೀಟು ಅಂಕ ನೋಡಿ ಕೊಟ್ಟದ್ದು. ಅದನ್ನು ಕಿತ್ತುಕೊಳ್ಳಲು ನನಗೂ ಆಗದು," ಎಂದಳು ಬ್ರೆಂಡಾ. "ಆದರೆ ಫೀ ಕಟ್ಟದಿದ್ದರೆ ಅದು ತಾನಾಗಿ ಹೋಗುತ್ತದೆ. ಪ್ರತಿ ವರ್ಷ ಒಂದಿಬ್ಬರು ಒಳ್ಳೆಯ ಮಕ್ಕಳು ಹಾಗೇ ಕೈತಪ್ಪುತ್ತಾರೆ. ಸಹಾಯ ಬೇಕಾ ಅಂತ ಕೇಳಿದರೆ ಖಾಲಿ ಬಿಡುತ್ತಾರೆ. ಇವರಿಗೆ ಬೇಡ ಅಂತ ನಾವು ಮುಂದಕ್ಕೆ ಹೋಗುತ್ತೇವೆ. ಈಗ ಯೋಚನೆ ಬರುತ್ತಿದೆ, ಅವರೆಲ್ಲ ಇನ್ನೊಂದು ಸಲ ಕೇಳಲಿ ಅಂತ ಕಾಯುತ್ತಿದ್ದರೋ ಏನೋ." ಅವಳು ಕಾಗದ ತಿರುವಿ, "ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. ಫಿಜಿಯ ಒಬ್ಬ ಹುಡುಗನೂ ಕೇಳಿದ್ದಾನೆ. ನೀವು ಬೇಡ ಅಂದಮೇಲೆ ಅವನ ಹೆಸರೊಂದೇ ಇತ್ತು," ಎಂದಳು.

ಪಾಪ, ಅವನಿಗೇ ಕೊಡಿ. ಈ ಮಾತು ಗುಣವತಿಯ ನಾಲಗೆಯ ತುದಿಗೆ ಬಂದು ನಿಂತಿತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು, ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತು ರೂಢಿಯಾದ ನಾಲಗೆ ಅದು. ಬಿಟ್ಟುಕೊಟ್ಟರೆ ಒಳ್ಳೆಯವಳು ಎನಿಸಿಕೊಳ್ಳಬಹುದು. ಆದರೆ ಈ ಸಲ ಬಿಟ್ಟುಕೊಡುವುದು ತನ್ನ ಸೀಟಲ್ಲ, ನವ್ಯಾಳದು. ಬೇರೆಯವಳ ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಅಧಿಕಾರ ತನಗೆ ಯಾರು ಕೊಟ್ಟರು? ಗುಣವತಿ ಒಂದು ದೊಡ್ಡ ಗುಟುಕು ಟೀ ಕುಡಿದಳು. ಮಾತು ಅದರ ಜೊತೆಗೇ ಕೆಳಗಿಳಿಯಿತು.

"ಅವನಿಗೂ ಬೇಕಿರಬಹುದು," ಎಂದಳು. "ನಮಗೂ ಬೇಕು. ಎರಡನ್ನೂ ಸಮಿತಿಗೆ ಹೇಳಿ."

"ಹೇಳುತ್ತೇನೆ," ಎಂದಳು ಬ್ರೆಂಡಾ. "ಮೂರು ಗಂಟೆಯ ಮೇಲೆ ಫೋನು ಮಾಡಿ."

ಅಣ್ಣು ಮೂರು ಗಂಟೆಯವರೆಗೆ ಕಾಯುವಂತಿರಲಿಲ್ಲ. ವಾಪಸು ಬರುವ ಹೊರೆ ಮರುದಿನ ಪ್ಯಾರಮಟ್ಟಾ ತಲುಪಬೇಕಿತ್ತು. ಹೊರಡುವ ಮೊದಲು ವಿಷಯ ತಿಳಿಯಲು ಯೂನಿವರ್ಸಿಟಿಯ ಗೇಟಿಗೇ ಬಂದ ಗಿರಿಜಾ ವ್ಯಾನಿನ ಕಿಟಕಿಗೆ ಕೈಯಿಟ್ಟು ನಿಂತಳು.

"ಕೇಳು ಗುಣಾ, ಸೀಟು ಗಟ್ಟಿಯಾದ್ರೆ ನವ್ಯಾ ನಮ್ಮನೇಲೇ ಇರ್ಲಿ. ಮಹಡಿ ರೂಮು ಖಾಲಿ ಇದೆ. ರೆಂಟು ಗಿಂಟು ಏನೂ ಬೇಡ. ಆಗುತ್ತಾ?"

"ಆಗ್ತದೆ," ಎಂದಳು ಗುಣವತಿ, ಗಿರಿಜಾಳ ಬಾಯಿ ಮುಚ್ಚುವುದರೊಳಗೆ.

"ಅಬ್ಬಾ, ಸ್ವಲ್ಪ ನಾಚಿಕೆನಾದ್ರೂ ಇಟ್ಕೊಳ್ಳೇ," ಎಂದು ಗಿರಿಜಾ ನಕ್ಕಳು.

ವಾಂಗರಟ್ಟಾದ ಪೆಟ್ರೋಲ್ ಬಂಕಿನ ಪಕ್ಕ ಒಂದು ಫೋನ್ ಬೂತ್ ಇತ್ತು. ಅಣ್ಣು ಚಿಲ್ಲರೆಯನ್ನೆಲ್ಲ ಹೆಂಡತಿಯ ಅಂಗೈಗೆ ಸುರಿದು, ತಾನು ಹೊರಗೆ ನಿಂತು ಟಯರು ಒದ್ದು ನೋಡತೊಡಗಿದ. ಒಳ್ಳೆಯ ಟಯರನ್ನೇ ಮತ್ತೆ ಮತ್ತೆ ಒದ್ದ. ಗಾಜಿನ ಬಾಗಿಲಿನ ಆಚೆ ಗುಣವತಿ ಕೇಳುವುದು, ತಲೆಯಾಡಿಸುವುದು, ಮತ್ತೆ ಕೇಳುವುದು ಕಾಣುತ್ತಿತ್ತು. ಹೊರಗೆ ಬಂದವಳ ಮುಖ ನೋಡಿ ಅವನಿಗೆ ಏನೂ ತಿಳಿಯಲಿಲ್ಲ.

"ಅರ್ಧ," ಎಂದಳು ಅವಳು. "ಎರಡು ಹೆಸರಿಗೂ ಅರ್ಧರ್ಧ ಮಾಡಿದರಂತೆ. ಓದಿನ ಎರಡೂ ವರ್ಷ ಅರ್ಧ ಫೀ ಕಟ್ಟಬೇಕಿಲ್ಲ. ಉಳಿದರ್ಧ ನಾವು ನೋಡಬೇಕು."

"ಅರ್ಧ ಅಂದರೆ ಸಣ್ಣದಲ್ಲ ಮಾರಾಯ್ತಿ."

"ಸಣ್ಣದಲ್ಲ," ಎಂದಳು ಗುಣವತಿ. ಸೀಟು ಹತ್ತಿ ಕೂತ ಮೇಲೆ, "ಉಳಿದರ್ಧಕ್ಕೆ ಜಯನ ಹತ್ತಿರ ಮಾತಾಡಬೇಕು. ನಿಜ ಹೇಳಿಯೇ ಮಾತಾಡಬೇಕು," ಎಂದಳು. ಅಣ್ಣು ವ್ಯಾನು ಚಾಲು ಮಾಡಿದ.

ಭಾನುವಾರ ಬೂತಿನಿಂದ ನವ್ಯಾಳ ಜೊತೆ ಜಯಲಕ್ಷ್ಮಿಯೂ ಮಾತಾಡಲು ಬಂದಿದ್ದಳು. ನವ್ಯಾ ಅರ್ಧ ಎಂಬ ಮಾತು ಕೇಳಿ ಕಿರುಚಿ, ಅಳು ನಗು ಒಟ್ಟಿಗೆ ಬಂದು, ಫೋನನ್ನು ಅಮ್ಮನಿಗೆ ಕೊಟ್ಟಳು.

"ಜಯಾ, ಒಂದು ವಿಷಯ," ಎಂದಳು ಗುಣವತಿ. ನಿಮಿಷಗಳು ಓಡುತ್ತಿದ್ದುದರಿಂದ ಸುತ್ತು ಬಳಸಲು ಪುರುಸೊತ್ತಿರಲಿಲ್ಲ. "ಭಾವನ ಆಫೀಸು ಕೆಲಸ ಹೋಗಿ ಎರಡು ವರ್ಷ ಆಯ್ತು. ಈಗ ವ್ಯಾನು ಓಡಿಸ್ತಾರೆ. ಮೆಲ್ಬರ್ನಿಗೆ ವಾರ ವಾರ ಹೋಗ್ತಾರೆ. ಉಳಿದರ್ಧ ಫೀ ನಾನು ಕಟ್ಟಲಿಕ್ಕೆ ಆಗುವುದಿಲ್ಲ."



"ಅರ್ಧದಷ್ಟು ನಮ್ಮ ಹತ್ತಿರ ಉಂಟು ಅಕ್ಕ," ಎಂದಳು ಜಯಲಕ್ಷ್ಮಿ. "ಇವರು ಪಿ.ಎಫ್. ತೆಗೆದಿಟ್ಟಿದ್ದಾರೆ. ಪೂರ್ತಿಗೆ ಸಾಲುವುದಿಲ್ಲ ಅಂತ ಬಾಯಿ ಬಿಡಲಿಲ್ಲ. ನೀನೇ ಕೇಳ್ತಿ, ಆಗ ಹೇಳುವ ಅಂತ ಕಾದೆ."

"ಎಷ್ಟು ಸಲ ಕೇಳಬೇಕಿತ್ತು?"

"ನಿನಗೆ ಗೊತ್ತಿಲ್ವಾ?" ಜಯಲಕ್ಷ್ಮಿಯ ದನಿಯಲ್ಲಿ ನಗು ಒಡೆಯಿತು. "ಅದಿರಲಿ, ವ್ಯಾನು ಅಂದ್ಯಲ್ಲ, ಎಷ್ಟು ದೊಡ್ಡದು? ನವ್ಯಾ ಸಿಡ್ನಿಗೆ ಇಳಿದ ಮೇಲೆ ಅವಳ ಸಾಮಾನು ಮೆಲ್ಬರ್ನಿಗೆ ಹೇಗೆ ಕಳಿಸುವುದು ಅಂತ ನನಗೆ ಇಲ್ಲಿ ನಿದ್ರೆ ಇಲ್ಲ. ಹಪ್ಪಳದ್ದೇ ಎರಡು ಡಬ್ಬ ಉಂಟು. ಭಾವನನ್ನು ಕೇಳು, ಹಿಡಿಸ್ತದಾ ಅಂತ."

ಗುಣವತಿ ರಿಸೀವರಿಗೆ ಅಂಗೈ ಅಡ್ಡ ಹಿಡಿದು ಅಣ್ಣುವಿನ ಕಡೆ ತಿರುಗಿದಳು.

"ಕೇಳಿದ್ರಾ? ವ್ಯಾನಿನಲ್ಲಿ ಎಷ್ಟು ಜಾಗ ಉಂಟು ಅಂತ ಕೇಳ್ತಾಳೆ."

"ಬೇಕಾದಷ್ಟು ಉಂಟು," ಎಂದ ಅಣ್ಣು, ಅಳತೆಯ ಟೇಪು ಹುಡುಕಲು ಏಳುತ್ತ. "ಇನ್ನೊಂದು ಡಬ್ಬ ಜಾಸ್ತಿ ಕಳಿಸಲಿಕ್ಕೆ ಹೇಳು, ದಾರಿಗೆ ಆಗ್ತದೆ."